ಊರಿಗೆ ಬೇಡವಾದ ಡಾಕ್ಟರು

ಕಳೆದ ತಿಂಗಳ ಭಾನುವಾರದ ಕೂಟದಲ್ಲಿ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರ ಸೊಸೆ ತಮ್ಮ ಉದ್ಯೋಗದ ವಿಚಾರ ಹೇಳಿದರು. ಕಾಕ್ಕನಾಡಿನ ಇನ್ಫೋಪಾರ್ಕಿನಲ್ಲೂ ತಿರುವನಂತಪುರದ ಟೆಕ್ನೋಪಾರ್ಕಿನಲ್ಲೂ ಇರುವ ಕಂಪನಿಗಳಿಗೆ ಹೋಗಿ, ನಿಮ್ಮಲ್ಲಿ ಯಾರು ಯಾರು ಕೆಲಸಕ್ಕಿದ್ದಾರೆ, ಯಾರು ಇಲ್ಲ, ಏಕೆ ಇಲ್ಲ, ಸೇರಿದವರು ಏಕೆ ಬಿಟ್ಟು ಹೋಗುತ್ತಾರೆ ಎಂದು ವಿಚಾರಿಸಿ ಸಲಹೆ ಕೊಡುವುದು ಅವರ ಕೆಲಸವಂತೆ. ಹೆಂಗಸರು, ಅಂಗವಿಕಲರು, ಹಿಂದುಳಿದ ಜಾತಿಗಳವರು, ಲಿಂಗತ್ವ ಅಲ್ಪಸಂಖ್ಯಾತರು, ನಮ್ಮಂತೆ ಹೊರಗಿನಿಂದ ಬಂದವರು, ಎಲ್ಲರ ಲೆಕ್ಕವೂ ಅದರಲ್ಲಿ ಬರುತ್ತದೆಯಂತೆ. "ಇದಕ್ಕೂ ಸಂಬಳ ಕೊಡುತ್ತಾರೇನಮ್ಮ?" ಎಂದು ರಾಯರೊಬ್ಬರು ಕೇಳಿದರು. ಎಲ್ಲರೂ ನಕ್ಕೆವು, ನಾವೂ ನಕ್ಕೆವು. ಆದರೆ ಮನೆಗೆ ಬಂದು ಯೋಚಿಸಿದಾಗ, ಇದೇ ಪ್ರಶ್ನೆಯನ್ನು ಇದೇ ನೆಲದಲ್ಲಿ ನೂರ ಮೂವತ್ತು ವರ್ಷಗಳ ಹಿಂದೆಯೇ ಕೈಯಿಂದ ಹಣ ಖರ್ಚು ಮಾಡಿ ಕೇಳಿದವರೊಬ್ಬರಿದ್ದರು, ಅವರು ತಿಂದದ್ದು ನಮ್ಮ ಮೈಸೂರು ಸಂಸ್ಥಾನದ ಅನ್ನ ಎಂಬುದು ನೆನಪಿಗೆ ಬಂದಿತು.

ಅವರು ಡಾಕ್ಟರ್ ಪದ್ಮನಾಭನ್ ಪಲ್ಪು. 1863ರಲ್ಲಿ ತಿರುವನಂತಪುರದ ಪೇಟ್ಟ ಎಂಬಲ್ಲಿ ಈಳವರ ಮನೆತನದಲ್ಲಿ ಹುಟ್ಟಿದವರು. ವೈದ್ಯ ವಿದ್ಯಾರ್ಥಿಗಳನ್ನು ಆರಿಸಲು ತಿರುವಾಂಕೂರು ಸರ್ಕಾರ ನಡೆಸಿದ ಪರೀಕ್ಷೆಯಲ್ಲಿ ತೇರ್ಗಡೆಯಾದರೂ ಅವರಿಗೆ ಪ್ರವೇಶ ಸಿಗಲಿಲ್ಲ. ವಯಸ್ಸು ಮೀರಿದೆ ಎಂಬುದು ನೆಪ. ಅಡ್ಡ ಬಂದದ್ದು ಜಾತಿ. ಕಷ್ಟದಲ್ಲಿ ಹಣ ಹೊಂದಿಸಿಕೊಂಡು ಮದರಾಸಿಗೆ ಹೋಗಿ ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಓದಿದರು. ಪದವಿ ಪಡೆದು ಊರಿಗೆ ಬಂದು ಕೆಲಸ ಕೇಳಿದರೆ ಮತ್ತೆ ಅದೇ ಉತ್ತರ. ಅವರ ಅಣ್ಣ ವೇಲಾಯುಧನ್ ಬಿ.ಎ. ಮಾಡಿಯೂ ತಿರುವಾಂಕೂರಿನಲ್ಲಿ ನೌಕರಿ ಸಿಗದೆ ಮದರಾಸು ಸರ್ಕಾರದ ಸೇವೆಗೆ ಸೇರಿದ್ದರು. ಒಂದೇ ಮನೆಯ ಇಬ್ಬರು ವಿದ್ಯಾವಂತರಿಗೂ ಹುಟ್ಟಿದೂರಿನ ಕಚೇರಿಯ ಬಾಗಿಲು ಮುಚ್ಚಿತ್ತು.

ಪಲ್ಪು ಅವರಿಗೆ ಕೆಲಸ ಕೊಟ್ಟದ್ದು ಮೈಸೂರು. ಬೆಂಗಳೂರಿನಲ್ಲಿ ಸಿಡುಬಿನ ಲಸಿಕೆ ತಯಾರಿಸುವ ಸಂಸ್ಥೆಯಲ್ಲಿ ದುಡಿದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಹೊಕ್ಕು, ಜನ ಮನೆಮಠ ಬಿಟ್ಟು ಬಯಲಿಗೆ ಓಡಿದಾಗ, ಅಲ್ಲೇ ನಿಂತು ಪ್ಲೇಗಿನ ರೋಗಿಗಳ ಶುಶ್ರೂಷೆ ಮಾಡಿಸಿದವರಲ್ಲಿ ಅವರೊಬ್ಬರು. ಆಮೇಲೆ ಇಂಗ್ಲೆಂಡಿಗೂ ಹೋಗಿ ಹೆಚ್ಚಿನ ಶಿಕ್ಷಣ ಪಡೆದು ಬಂದರು. ಮಲಯಾಳದ ಮಹಾಕವಿ ಕುಮಾರನ್ ಆಶಾನ್ ತರುಣರಾಗಿದ್ದಾಗ ಬೆಂಗಳೂರಿನ ಚಾಮರಾಜೇಂದ್ರ ಸಂಸ್ಕೃತ ಪಾಠಶಾಲೆಯಲ್ಲಿ ಓದಿದ್ದು ಪಲ್ಪು ಅವರ ಆಸರೆಯಲ್ಲಿಯೇ. ನಾರಾಯಣ ಗುರುಗಳ ಶಿಷ್ಯರಾಗಿ ಹೆಸರಾದ ನಟರಾಜ ಗುರು ಪಲ್ಪು ಅವರ ಮಗ, ಹುಟ್ಟಿದ್ದು ಬೆಂಗಳೂರಿನಲ್ಲೇ. ನಮ್ಮ ನೆರೆಹೊರೆಯ ಮಲಯಾಳಿಗಳಿಗೆ ಇದನ್ನು ಹೇಳಿದರೆ ಅವರಿಗೆ ಸಂತೋಷವಾಗುತ್ತದೆ. ಆದರೆ ನಾವು ಬೀಗುವ ಮೊದಲು ಕಥೆಯ ಉಳಿದ ಭಾಗವನ್ನೂ ಹೇಳಬೇಕು.

1891ರ ಜನವರಿಯಲ್ಲಿ ತಿರುವಾಂಕೂರಿನ ಮಹಾರಾಜರಾದ ಶ್ರೀಮೂಲಂ ತಿರುನಾಳ್ ಅವರಿಗೆ ಹತ್ತು ಸಾವಿರಕ್ಕೂ ಹೆಚ್ಚು ಜನ ಸಹಿ ಮಾಡಿದ ಮನವಿಯೊಂದು ಹೋಯಿತು. ಚರಿತ್ರೆಯಲ್ಲಿ ಅದಕ್ಕೆ ಮಲಯಾಳಿ ಮೆಮೋರಿಯಲ್ ಎಂದು ಹೆಸರು. ದೊಡ್ಡ ಹುದ್ದೆಗಳೆಲ್ಲ ಪರದೇಶಿ ಬ್ರಾಹ್ಮಣರ ಪಾಲಾಗುತ್ತಿವೆ, ಈ ನಾಡಿನ ಮಕ್ಕಳಿಗೆ ಸಿಗುತ್ತಿಲ್ಲ ಎಂಬುದು ಅದರ ದೂರು. ಪರದೇಶಿ ಎಂದರೆ ಸಮುದ್ರದಾಚೆಯವರಲ್ಲ. ತಮಿಳುನಾಡಿನಿಂದಲೂ ಮಹಾರಾಷ್ಟ್ರದ ಮೂಲದಿಂದಲೂ ಬಂದು ನೆಲೆಸಿದ್ದವರು. ಆ ಮನವಿಯ ಮೂರನೆಯ ಸಹಿ ಪಲ್ಪು ಅವರದು. ಕ್ರಮೇಣ ನಾಯರ್ ಸಮಾಜಕ್ಕೆ ಕೆಲವು ಬಾಗಿಲುಗಳು ತೆರೆದವು. ಈಳವರು ನಿಂತಲ್ಲೇ ನಿಂತರು. ಒಟ್ಟಾಗಿ ಕೂಗಿದಾಗ ಎಲ್ಲರ ದನಿಯೂ ಬೇಕಾಗಿತ್ತು, ಹಂಚುವಾಗ ಎಲ್ಲರ ಎಲೆಯೂ ಕಾಣಲಿಲ್ಲ.

ಪಲ್ಪು ಬೆಂಗಳೂರಿನಿಂದ ರಜೆ ಹಾಕಿ ಊರಿಗೆ ಬಂದು ತಿರುಗಾಡಿದರು. 1896ರ ಸೆಪ್ಟೆಂಬರಿನಲ್ಲಿ 13,176 ಮಂದಿಯ ಹೆಸರಿನಲ್ಲಿ ಈಳವ ಮೆಮೋರಿಯಲ್ ಸಲ್ಲಿಸಿದರು. ಅದರಲ್ಲಿದ್ದ ವಾದ ಇಂದಿಗೂ ಹರಿತವಾದದ್ದು. ಬ್ರಿಟಿಷರ ಆಡಳಿತದ ಮಲಬಾರಿನಲ್ಲಿ ಇದೇ ಸಮುದಾಯದವರು ಒಳ್ಳೆಯ ಹುದ್ದೆಗಳಲ್ಲಿದ್ದಾರೆ. ತಿರುವಾಂಕೂರಿನಲ್ಲೇ ಈಳವನೊಬ್ಬ ಕ್ರೈಸ್ತನಾದರೆ ಅವನಿಗೆ ಶಾಲೆಯೂ ನೌಕರಿಯೂ ದಕ್ಕುತ್ತವೆ. ಹಾಗಿದ್ದ ಮೇಲೆ ಯೋಗ್ಯತೆಯ ಕೊರತೆ ಎಲ್ಲಿದೆ? ಇಂದಿನ ಸಲಹೆಗಾರರು ಕಂಪನಿಗಳಲ್ಲಿ ಕೇಳುವುದೂ ಹೆಚ್ಚುಕಡಿಮೆ ಇದನ್ನೇ ಅಲ್ಲವೇ? ಸರ್ಕಾರ ಮಾತ್ರ ಕಿವಿಗೊಡಲಿಲ್ಲ. 1903ರಲ್ಲಿ ನಾರಾಯಣ ಗುರುಗಳ ಅಧ್ಯಕ್ಷತೆಯಲ್ಲಿ ಶ್ರೀನಾರಾಯಣ ಧರ್ಮ ಪರಿಪಾಲನ ಯೋಗ ಹುಟ್ಟಿದ್ದರ ಹಿಂದೆ ಈ ನಿರಾಶೆಯೂ ಇದೆ.

ಇನ್ನು ಮೈಸೂರು. ಪಲ್ಪು ಅಲ್ಲಿ ಸೇವೆಯಲ್ಲಿದ್ದಾಗ ದಿವಾನರಾಗಿದ್ದವರು ಸರ್ ಕೆ. ಶೇಷಾದ್ರಿ ಅಯ್ಯರ್. ಅವರೂ ಕೇರಳದ ಕಡೆಯವರೇ, ಪಾಲಕ್ಕಾಡಿನವರು. ಒಬ್ಬರು ಅಟ್ಟದ ಮೇಲಿನ ಮೆಟ್ಟಿಲಿನಿಂದ, ಇನ್ನೊಬ್ಬರು ಕೆಳಗಿನ ಮೆಟ್ಟಿಲಿನಿಂದ, ಇಬ್ಬರೂ ಮೈಸೂರಿಗೆ ಬಂದವರು. ಮೈಸೂರಿನವರಿಗೂ ಗೊಣಗಾಟವಿತ್ತು: ಹುದ್ದೆಗಳೆಲ್ಲ ಮದರಾಸು ಕಡೆಯವರಿಗೆ ಹೋಗುತ್ತಿವೆ ಎಂದು. ಆ ಗೊಣಗಾಟದ ಕೆಳಗೆ ಇನ್ನೊಂದು ಲೆಕ್ಕ ಅಡಗಿತ್ತು. ಸಂಸ್ಥಾನದ ಜನಸಂಖ್ಯೆಯಲ್ಲಿ ಬ್ರಾಹ್ಮಣರು ನೂರಕ್ಕೆ ನಾಲ್ಕರಷ್ಟೂ ಇರಲಿಲ್ಲ; ಗೆಜೆಟೆಡ್ ಹುದ್ದೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವರದೇ. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿತು. ಮರುವರ್ಷ ಅದರ ಮುಂದಾಳುಗಳು ನಾಲ್ವಡಿ ಕೃಷ್ಣರಾಜ ಒಡೆಯರನ್ನು ಕಂಡು ನ್ಯಾಯ ಕೇಳಿದರು. 1918ರ ಆಗಸ್ಟಿನಲ್ಲಿ ಮಹಾರಾಜರು ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ಸಿಗುವಂತಾಗಬೇಕೆಂದು ಸಮಿತಿ 1919ರಲ್ಲಿ ಹೇಳಿತು, 1921ರಲ್ಲಿ ಆಜ್ಞೆಯಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಿರಲಿಲ್ಲ. ಆಡಳಿತದ ದಕ್ಷತೆ ಕುಗ್ಗುವುದೆಂಬ ಭಯ ಅವರದು. ಕೃಷ್ಣರಾಜಸಾಗರ ಕಟ್ಟಿಸಿದವರ ಮೇಲಿನ ಗೌರವಕ್ಕೆ ಕುಂದಿಲ್ಲದೆ ಹೇಳುತ್ತೇವೆ, ಈ ವಿಷಯದಲ್ಲಿ ಮಹಾರಾಜರು ದಿವಾನರಿಗಿಂತ ದೂರ ನೋಡಿದರು.

ನಾವು ಬಾಳುತ್ತಿರುವ ಎರ್ನಾಕುಲಂ ಆಗ ಕೊಚ್ಚಿ ಸಂಸ್ಥಾನದಲ್ಲಿತ್ತು. ಇಲ್ಲಿ ನೌಕರಿಯ ಮಾತು ಹಾಗಿರಲಿ, ಪುಲಯರಿಗೆ ಸಭೆ ಸೇರಲು ಗೇಣು ನೆಲವೂ ಇರಲಿಲ್ಲ. ಚೇರಾನೆಲ್ಲೂರಿನ ಬೆಸ್ತರ ಕುಲದಲ್ಲಿ ಹುಟ್ಟಿ ಸಂಸ್ಕೃತ ಪಂಡಿತರಾಗಿದ್ದ ಕೆ.ಪಿ. ಕರುಪ್ಪನ್ ಅವರ ಪ್ರೇರಣೆಯಿಂದ 1913ರಲ್ಲಿ ಅವರು ದೋಣಿಗಳನ್ನು ಒಂದಕ್ಕೊಂದು ಕಟ್ಟಿ, ಕಾಯಲಿನ ನೀರಿನ ಮೇಲೆಯೇ ಸಭೆ ನಡೆಸಿದರು. ನೆಲಕ್ಕೆ ಒಡೆಯರುಂಟು, ನೀರಿಗೆ ಯಾರುಂಟು? ಸಂಜೆ ಮಕ್ಕಳನ್ನು ಮರೈನ್ ಡ್ರೈವಿಗೆ ಕರೆದೊಯ್ಯುವ ನಮ್ಮವರು ಎದುರಿಗೆ ಕಾಣುವ ಆ ನೀರನ್ನು ಒಮ್ಮೆ ತೋರಿಸಿ ಈ ಕಥೆ ಹೇಳಬಹುದು. ಕರುಪ್ಪನ್ ಮಾಸ್ತರರು 1925ರಲ್ಲಿ ಕೊಚ್ಚಿಯ ಶಾಸನ ಸಭೆಯ ಸದಸ್ಯರಾದರು.

ಈಗ ನಮ್ಮ ಕಣ್ಣೆದುರಿಗೇ ನಡೆದ ಸಂಗತಿ. 2017ರ ಜೂನ್ 17ರಂದು ಆಲುವದಿಂದ ಪಾಲಾರಿವಟ್ಟದವರೆಗೆ ಕೊಚ್ಚಿ ಮೆಟ್ರೋ ಉದ್ಘಾಟನೆಯಾಯಿತು. ಮಹಿಳೆಯರ ಕುಟುಂಬಶ್ರೀ ಸಂಘಟನೆಯ ಮೂಲಕ ಇಪ್ಪತ್ತಕ್ಕೂ ಹೆಚ್ಚು ಲಿಂಗತ್ವ ಅಲ್ಪಸಂಖ್ಯಾತರಿಗೆ ಟಿಕೇಟು ಕೊಡುವ, ನಿಲ್ದಾಣ ಶುಚಿಯಾಗಿಡುವ ಕೆಲಸಗಳು ಸಿಕ್ಕಿದ್ದವು. ಅವರ ವಿಷಯದಲ್ಲಿ ನೀತಿಯೊಂದನ್ನು ಕೇರಳ ಸರ್ಕಾರ 2015ರಲ್ಲೇ ಪ್ರಕಟಿಸಿತ್ತು. ದೇಶವಿದೇಶದ ಪತ್ರಿಕೆಗಳು ಹೊಗಳಿದವು. ಆದರೆ ಕೆಲವೇ ದಿನಗಳಲ್ಲಿ ಎಂಟು ಮಂದಿ ಕೆಲಸ ಬಿಟ್ಟರೆಂಬ ಸುದ್ದಿ ಬಂತು. ಊರಿನಲ್ಲಿ ಯಾರೂ ಅವರಿಗೆ ಮನೆ ಬಾಡಿಗೆಗೆ ಕೊಡಲಿಲ್ಲ. ದಿನಬಾಡಿಗೆಯ ಲಾಡ್ಜಿನಲ್ಲಿದ್ದರೆ ತಿಂಗಳ ಸಂಬಳ ಅದಕ್ಕೇ ಸಾಲದು. ಸುದ್ದಿ ಹೊರಬಿದ್ದ ಮೇಲೆ ವಸತಿಗಾಗಿ ಓಡಾಟ ನಡೆಯಿತು. ಕರ್ನಾಟಕ ಸರ್ಕಾರ 2021ರಲ್ಲಿ ಇವರಿಗೆ ಸರ್ಕಾರಿ ನೌಕರಿಯಲ್ಲಿ ಶೇಕಡಾ ಒಂದು ಮೀಸಲಾತಿ ಕೊಟ್ಟಿತು, ಒಳ್ಳೆಯದೇ. ಬೆಂಗಳೂರಿನ ಮನೆ ಮಾಲೀಕರು ಎರ್ನಾಕುಲಂನವರಿಗಿಂತ ಉದಾರಿಗಳೆಂದು ಮಾತ್ರ ನಾವು ಆಣೆ ಮಾಡಲಾರೆವು.

ಇದನ್ನು ಹೇಳಿದಾಗ ಆ ಸೊಸೆ, "ಕಂಪನಿಯವರು ಎಷ್ಟು ಜನರನ್ನು ಸೇರಿಸಿಕೊಂಡೆವೆಂದು ಪಟ್ಟಿ ತೋರಿಸುತ್ತಾರೆ. ಸಾಯಂಕಾಲ ಅವರು ಎಲ್ಲಿಗೆ ಹೋಗಿ ಮಲಗುತ್ತಾರೆಂದು ನಾನು ಕೇಳುತ್ತೇನೆ" ಎಂದರು. ಸಂಬಳದ ವಿಷಯ ಕೇಳಿದ್ದ ರಾಯರು ಈ ಸಲ ಸುಮ್ಮನಿದ್ದರು.

ನಾವು ಈ ಊರಿಗೆ ಬಂದ ಹೊಸತರಲ್ಲಿ ಮನೆ ಹುಡುಕಿಕೊಂಡು ಕಲೂರಿನ ಗಲ್ಲಿಗಳಲ್ಲಿ ಅಲೆದದ್ದುಂಟು. ಯಾವ ಊರು, ಯಾವ ಜಾತಿ, ಏನು ತಿನ್ನುತ್ತೀರಿ, ಎಷ್ಟು ದಿನ ಇರುತ್ತೀರಿ? ಒಬ್ಬರಂತೂ ನಮ್ಮ ಮುರುಕು ಮಲಯಾಳ ಕೇಳಿಯೇ ಗೇಟು ಮುಚ್ಚಿದರು. ಅದನ್ನು ವರ್ಷಗಟ್ಟಲೆ ಹೇಳಿಕೊಂಡು ನೊಂದಿದ್ದೇವೆ. ಈಗ ನಮ್ಮ ಬಳಗದ ಅನೇಕರಿಗೆ ಇಲ್ಲೇ ಸ್ವಂತ ಮನೆಗಳಿವೆ, ಮಹಡಿಯ ಮೇಲೆ ಬಾಡಿಗೆಯ ಭಾಗವೂ ಇದೆ. ಸಂಘದ ಸೂಚನಾ ಫಲಕದಲ್ಲಿ "ಮನೆ ಬಾಡಿಗೆಗಿದೆ, ಸಸ್ಯಾಹಾರಿ ಕನ್ನಡ ಕುಟುಂಬಕ್ಕೆ ಮಾತ್ರ" ಎಂಬ ಚೀಟಿಗಳು ಆಗಾಗ ಕಾಣುತ್ತವೆ. ಅವುಗಳಲ್ಲಿ ಒಂದೆರಡನ್ನು, ಅಕ್ಷರ ದುಂಡಗಿದೆ ಎಂದು, ನಮ್ಮ ಕೈಯಿಂದಲೇ ಬರೆಸಿದ್ದರು.