ಪಿಂಗಾಣಿ

ಪಾರಸಿಯಲ್ಲಿ ‘ಪಿಂಗಾನ್’ ಎಂದರೆ ಬಟ್ಟಲು. ಅರಬ್ಬಿಯಲ್ಲಿ ಅದು ಕಾಫಿಯ ‘ಫಿಂಜಾನ್’, ಮಲಯಾಳಂನಲ್ಲಿ ಊಟದ ತಟ್ಟೆ ‘ಪಿಞ್ಞಾಣಂ’. ಕನ್ನಡದಲ್ಲಿ ಪಾತ್ರೆಯ ಹೆಸರೇ ಅದನ್ನು ಮಾಡಿದ ವಸ್ತುವಿನ ಹೆಸರಾಗಿ ‘ಪಿಂಗಾಣಿ’ಯಾಯಿತು. ಈ ವಸ್ತುವಿನ ಹಳೆಯ ಚೆಲುವನ್ನು ಕೊಚ್ಚಿಯ ಮಟ್ಟಾಂಚೇರಿಯಲ್ಲಿ ನೋಡಬಹುದು. ಅಲ್ಲಿನ ಪರದೇಸಿ ಸಿನಗಾಗ್‌ನ ನೆಲಕ್ಕೆ 18ನೇ ಶತಮಾನದಲ್ಲಿ ಹಾಸಿದ ಚೀನೀ ಪಿಂಗಾಣಿ ಬಿಲ್ಲೆಗಳ ನೀಲಿ ಚಿತ್ರಗಳು ಕೈಯಲ್ಲೇ ಬರೆದವು. ಶಾಯಿಯ ಹನಿ ಚಿಮ್ಮಿಸುವ ಇಂದಿನ ಇಂಕ್‌ಜೆಟ್ ಮುದ್ರಕ ಚಿತ್ರವನ್ನಷ್ಟೇ ಅಲ್ಲ, ಪಿಂಗಾಣಿಯ ಮೈಯನ್ನೇ ಮುದ್ರಿಸಬಲ್ಲದು. ಅಲ್ಯುಮಿನಾ, ಜಿರ್ಕೋನಿಯಾದಂಥ ಅತಿ ನುಣ್ಣನೆಯ ಪುಡಿಗಳನ್ನು ಬೇರೆಬೇರೆ ಶಾಯಿಗಳಾಗಿಸಿ, ಹನಿಗಳ ಪ್ರಮಾಣ ಬದಲಿಸುತ್ತ ಹೋದರೆ, ಒಂದೇ ಬಿಲ್ಲೆಯ ಈ ಅಂಚಿನಿಂದ ಆ ಅಂಚಿಗೆ ಸಂಯೋಜನೆ ಮೆಲ್ಲಗೆ ಮಾರ್ಪಡುತ್ತದೆ. ಒಣಗಿಸಿ ಸುಡುವ ಕೆಲಸ ಮಾತ್ರ ಕುಂಬಾರನ ಕಾಲದ್ದೇ. ಇಂಥದ್ದನ್ನೆಲ್ಲ ಕನ್ನಡದಲ್ಲೂ ಸೆರಾಮಿಕ್ ಎಂದೇ ಬರೆಯುತ್ತೇವೆ. ಆದರೆ ಪಿಂಗಾಣಿ ಎಂಬ ಮಾತಿಗೂ ಈ ಹೊಸ ಅರ್ಥ ಹೊರುವ ಶಕ್ತಿಯಿದೆ ಎಂಬುದು ನನ್ನ ನಂಬಿಕೆ.