ಗುಡ್ಡ ಸೀಳಿದ ಹೆದ್ದಾರಿ: ಸಿಯಾಟಲ್ ಕಂಡ ಅರವತ್ತು ವರ್ಷ

ಸಿಯಾಟಲ್ ನಗರದ ಫಸ್ಟ್ ಹಿಲ್‌ನ ದಕ್ಷಿಣ ತುದಿಗೆ ಒಂದು ಕಾಲದಲ್ಲಿ ‘ಬೈಗುಳದ ಗುಡ್ಡ’ ಎಂಬ ಅಡ್ಡಹೆಸರಿತ್ತು. 1890ರ ಸುಮಾರಿಗೆ ಕೌಂಟಿ ನ್ಯಾಯಾಲಯವನ್ನು ಅದರ ನೆತ್ತಿಯ ಮೇಲೆ ಕಟ್ಟಿದ್ದರು. ಕೆಳಗಿನ ಪೇಟೆಯಿಂದ ಏದುಸಿರು ಬಿಡುತ್ತ ಏರಿ ಬರುವ ವಕೀಲರು ದಾರಿಯುದ್ದಕ್ಕೂ ಬಾಯಿಗೆ ಬಂದಂತೆ ಬೈಯುತ್ತಿದ್ದರಂತೆ. ಬೈದರೂ ಏರಬಹುದಿತ್ತು ಅನ್ನುವುದೇ ಇಲ್ಲಿ ಮುಖ್ಯ. ಪೇಟೆಯ ಬೀದಿಗಳು ಹಾಗೇ ನೆಟ್ಟಗೆ ಗುಡ್ಡ ಹತ್ತುತ್ತಿದ್ದವು. ತೀರ ಕಡಿದಾದ ಕಡೆ 1940ರವರೆಗೆ ಕೇಬಲ್ ಕಾರುಗಳು ಓಡಿದವು. ಮೊದಲು ಸಿರಿವಂತರ ಬಂಗಲೆಗಳು ಬಂದವು. ಅವರು ಜಾಗ ಖಾಲಿ ಮಾಡಿದ ಮೇಲೆ ಬಾಡಿಗೆ ಕೋಣೆಗಳು, ಅಪಾರ್ಟ್‌ಮೆಂಟುಗಳು, ಆಸ್ಪತ್ರೆಗಳು ಬಂದವು. ಮನೆ ಮೇಲೆ, ಕೆಲಸ ಕೆಳಗೆ. ನಡುವೆ ಒಂದಿಷ್ಟು ಏರು, ಅಷ್ಟೆ.

1960ರ ದಶಕದಲ್ಲಿ ಆ ಏರಿನ ಜಾಗದಲ್ಲಿ ಫ್ರೀವೇ ಬಂತು.

ಗುಡ್ಡಗಳ ಮೇಲೆ ಕೈಮಾಡುವುದು ಈ ನಗರಕ್ಕೆ ಹೊಸತಲ್ಲ. ಒಂದು ಬದಿ ಸಮುದ್ರದ ಹಿನ್ನೀರು, ಇನ್ನೊಂದು ಬದಿ ಲೇಕ್ ವಾಷಿಂಗ್ಟನ್, ನಡುವೆ ಸೊಂಟ ಸಣ್ಣಗಾದ ಒಂದು ಪಟ್ಟಿ ನೆಲ. ಅದರ ತುಂಬ ಗುಡ್ಡಗಳು. ಆರ್. ಎಚ್. ಥಾಮ್ಸನ್ ಎಂಬ ನಗರ ಎಂಜಿನಿಯರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಡೆನ್ನಿ ಹಿಲ್ ಎಂಬ ಇಡೀ ಗುಡ್ಡಕ್ಕೆ ನೀರಿನ ಫಿರಂಗಿ ಹಿಡಿಸಿ ಮಣ್ಣನ್ನು ಕೊಲ್ಲಿಗೆ ತೊಳೆಸಿದ. 1930ರ ವೇಳೆಗೆ ಆ ಗುಡ್ಡ ನೆಲಸಮ. ಹೀಗೆ ಗುಡ್ಡವೆಂದರೆ ದಾರಿಗೆ ಅಡ್ಡಬಂದ ಮಣ್ಣಿನ ರಾಶಿ ಎಂಬ ಭಾವನೆ ನಗರದ ಎಂಜಿನಿಯರಿಂಗ್ ಕಚೇರಿಗಳಲ್ಲಿ ಮೊದಲೇ ಬೇರೂರಿತ್ತು.

1956ರ ಫೆಡರಲ್ ಹೆದ್ದಾರಿ ಕಾಯ್ದೆ ಇದಕ್ಕೆ ಹಣದ ಬಲ ಕೊಟ್ಟಿತು. ದೇಶದಾದ್ಯಂತ 41,000 ಮೈಲಿ ಅಂತರರಾಜ್ಯ ಹೆದ್ದಾರಿ, ವೆಚ್ಚದ ಶೇ. 90 ಭಾಗ ಕೇಂದ್ರದ್ದು. ರಾಜ್ಯದ ಕಿಸೆಯಿಂದ ಹತ್ತು ಡಾಲರು ಹೋದರೆ ನೂರು ಡಾಲರಿನ ರಸ್ತೆ ಕೈಗೆ ಬರುತ್ತಿತ್ತು. ಬೇಡ ಅನ್ನುವ ಗವರ್ನರು ಯಾರಿದ್ದಾರೆ? ಸಿಯಾಟಲ್ ಮೂಲಕ ಹಾದುಹೋಗುವ ಐ-5 ಎಂಬ ಅಂತರರಾಜ್ಯ ಹೆದ್ದಾರಿಗೆ ಆರಿಸಿದ ಜಾಗ ಪೇಟೆಯ ಪೂರ್ವದ ಅಂಚು, ಅಂದರೆ ಗುಡ್ಡಗಳ ಪಶ್ಚಿಮದ ಇಳಿಜಾರು: ದಕ್ಷಿಣದಲ್ಲಿ ಬೀಕನ್ ಹಿಲ್, ನಡುವೆ ಫಸ್ಟ್ ಹಿಲ್, ಉತ್ತರದಲ್ಲಿ ಕ್ಯಾಪಿಟಲ್ ಹಿಲ್. ಪೇಟೆಯ ಅಂಗಡಿಗಳಿಗೆ ಕಾರು ಹತ್ತಿರ ಬರಬೇಕು, ಆದರೆ ಪೇಟೆಯ ಬೆಲೆಬಾಳುವ ನೆಲ ಹೋಗಬಾರದು. ಹಳೆಯ ಮರದ ಮನೆಗಳೂ ಅಗ್ಗದ ಬಾಡಿಗೆ ಕೋಣೆಗಳೂ ಇದ್ದ ಓರೆ ನೆಲ ಈ ಲೆಕ್ಕಕ್ಕೆ ಸರಿಹೊಂದಿತು.

ಅಲ್ಲಿ ಜನ ಇದ್ದರು. ‘ಬೈಗುಳದ ಗುಡ್ಡ’ದ ಹಳೆಯ ಮನೆಗಳನ್ನು ಕೆಡವಿ 1940ರ ಆಸುಪಾಸಿನಲ್ಲಿ ಯೆಸ್ಲರ್ ಟೆರೇಸ್ ಎಂಬ ಸರ್ಕಾರಿ ವಸತಿ ಬಡಾವಣೆ ಕಟ್ಟಿದ್ದರು. ಜನಾಂಗಗಳನ್ನು ಬೇರ್ಪಡಿಸದೆ ಬಿಳಿಯರಿಗೂ ಕರಿಯರಿಗೂ ಒಂದೇ ಕಡೆ ಮನೆ ಕೊಟ್ಟ ಅಮೆರಿಕದ ಮೊದಮೊದಲ ಸರ್ಕಾರಿ ಬಡಾವಣೆಗಳಲ್ಲಿ ಇದೂ ಒಂದು. ಇದರ ಹಿಂದಿದ್ದವರು ನಗರದ ವಸತಿ ಪ್ರಾಧಿಕಾರದ ಮೊದಲ ನಿರ್ದೇಶಕ ಜೆಸ್ಸಿ ಎಪ್‌ಸ್ಟೀನ್. ವಿನ್ಯಾಸದ ತಂಡದಲ್ಲಿ ವಿಕ್ಟರ್ ಸ್ಟೈನ್‌ಬ್ರೂಕ್ ಎಂಬ ತರುಣ ವಾಸ್ತುಶಿಲ್ಪಿ ಇದ್ದರು. ಇಳಿಜಾರಿಗೆ ಹೊಂದಿಕೊಂಡ ಸಾಲುಮನೆಗಳು, ಪ್ರತಿ ಮನೆಗೂ ಒಂದು ಪುಟ್ಟ ಅಂಗಳ, ಕೆಳಗೆ ಕೊಲ್ಲಿಯ ನೋಟ. ಇಪ್ಪತ್ತೇ ವರ್ಷಗಳಲ್ಲಿ ಅದರ ಪಶ್ಚಿಮದ ಅಂಚನ್ನು ಫ್ರೀವೇಗಾಗಿ ಕೆಡವಿದರು. ಗುಡ್ಡದ ಬುಡದಲ್ಲಿದ್ದ ಜಪಾನಿಯರ ಪೇಟೆಗೆ ಆಗಲೇ ಒಂದು ಪೆಟ್ಟು ಬಿದ್ದಿತ್ತು. 1942ರಲ್ಲಿ ಅಲ್ಲಿನವರನ್ನೆಲ್ಲ ಯುದ್ಧಕಾಲದ ಶಿಬಿರಗಳಿಗೆ ಅಟ್ಟಿದ್ದರು. ಮರಳಿ ಬಂದು ಹೇಗೋ ಬದುಕು ಕಟ್ಟಿಕೊಂಡವರ ತಲೆಯ ಮೇಲೆ ಈಗ ಕಾಂಕ್ರೀಟಿನ ಕಂಬಗಳ ಸಾಲು ಎದ್ದಿತು. ಅದಕ್ಕೆ ಹೊಂದಿಕೊಂಡ ಚೈನಾಟೌನ್ ಎರಡು ಹೋಳಾಯಿತು.

ವಿರೋಧ ಬರಲಿಲ್ಲವೆ? ಬಂತು. 1961ರ ಜೂನ್‌ನಲ್ಲಿ ಫಸ್ಟ್ ಹಿಲ್ ಸುಧಾರಣಾ ಸಂಘ ಕರೆಕೊಟ್ಟ ಮೆರವಣಿಗೆಯಲ್ಲಿ ಸುಮಾರು ನೂರು ಜನ ಫಲಕ ಹಿಡಿದು ಫ್ರೀವೇಯ ದಾರಿಗುಂಟ ನಡೆದರು. ಅವರ ಬೇಡಿಕೆ ನೋಡಿದರೆ ಇಂದಿಗೂ ಅಚ್ಚರಿಯಾಗುತ್ತದೆ. ರಸ್ತೆಯೇ ಬೇಡ ಎಂದು ಅವರು ಹೇಳಲಿಲ್ಲ. ಪೇಟೆಯ ಬಳಿ ತೋಡುವ ಕಂದಕದ ಮೇಲೆ ಒಂದು ಮುಚ್ಚಳ ಹಾಕಿ, ಗುಡ್ಡ ಮತ್ತು ಪೇಟೆಯ ನಂಟು ಉಳಿಸಿ ಎಂದರು. ಈ ಮಾತಿಗೆ ನಕ್ಷೆಯ ರೂಪ ಕೊಟ್ಟವರು ವಾಸ್ತುಶಿಲ್ಪಿ ಪಾಲ್ ಥೈರಿ. ಅವರೇನು ಬೀದಿಹೋರಾಟಗಾರರಲ್ಲ; 1962ರ ಸಿಯಾಟಲ್ ವಿಶ್ವಮೇಳದ ಮುಖ್ಯ ವಾಸ್ತುಶಿಲ್ಪಿಯೇ ಅವರು. ಆದರೂ ಗವರ್ನರ್ ಆಲ್ಬರ್ಟ್ ರೊಸೆಲಿನಿ ಅವರ ಆಡಳಿತ ಒಪ್ಪಲಿಲ್ಲ. ಕೆಲಸ ಮುಂದುವರಿಯಿತು.

ಆಮೇಲೆ ಗುಡ್ಡವೇ ವಿರೋಧಿಸಿತು.

ಸುಮಾರು ಹದಿನೇಳು ಸಾವಿರ ವರ್ಷಗಳ ಹಿಂದೆ ಈಗಿನ ಸಿಯಾಟಲ್ ಇರುವ ಜಾಗದ ಮೇಲೆ ಮೂರು ಸಾವಿರ ಅಡಿ ದಪ್ಪದ ಹಿಮದ ಹಾಸು ಕೂತಿತ್ತು. ಅದರ ಭಾರಕ್ಕೆ ಕೆಳಗಿನ ಜೇಡಿಮಣ್ಣು ಅಮುಕಿಕೊಂಡು ಕಲ್ಲಿನಂತೆ ಗಟ್ಟಿಯಾಯಿತು. ಹಿಮ ಕರಗಿದರೂ ಅಡ್ಡದಿಕ್ಕಿನ ಒತ್ತಡ ಮಣ್ಣಿನೊಳಗೆ ಹಾಗೇ ಉಳಿದುಕೊಂಡಿತು. ಇಂಥ ಮಣ್ಣು ನೋಡಲು ಬಲು ನಂಬಿಕಸ್ಥ. ಗುದ್ದಲಿಗೆ ಜಗ್ಗದು, ಕತ್ತರಿಸಿದರೆ ನೆಟ್ಟಗೆ ನಿಲ್ಲುತ್ತದೆ. ಆದರೆ ಬುಡ ಕಡಿದೊಡನೆ ಒಳಗಿನ ಒತ್ತಡ ಸಡಿಲವಾಗಿ, ಮಣ್ಣು ಕೂದಲೆಳೆಯಷ್ಟು ಹೊರಕ್ಕೆ ಸರಿಯುತ್ತದೆ, ಬಿರುಕು ಬಿಡುತ್ತದೆ, ಮೇಲಿನ ಮರಳಿನ ಪದರದಿಂದ ಒರತೆಯ ನೀರು ಇಳಿಯುತ್ತದೆ. ಒಮ್ಮೆ ಸರಿದ ಜಾಗದಲ್ಲಿ ಅದರ ಬಲ ಕುಸಿಯುತ್ತದೆ. ಆ ಭಾರ ಪಕ್ಕದ ಮಣ್ಣಿನ ಮೇಲೆ ಬಿದ್ದು ಅದೂ ಸೋಲುತ್ತದೆ. ಐ-5ರ ಅಗೆತ ಶುರುವಾದಾಗ ಸಿಯಾಟಲ್‌ನ ಇಳಿಜಾರುಗಳು ಹಲವು ಕಡೆ ಹೀಗೇ ಸರಿಯತೊಡಗಿದವು.

ಆಗಿನ ಪಠ್ಯಪುಸ್ತಕಗಳ ಲೆಕ್ಕದ ಪ್ರಕಾರ ನಿಲ್ಲಬೇಕಿದ್ದ ಇಳಿಜಾರು ನಿಲ್ಲಲಿಲ್ಲ. ಎಂಜಿನಿಯರುಗಳು ಹೊಸ ಉಪಾಯ ಹುಡುಕಬೇಕಾಯಿತು. ಗುಡ್ಡ ಕಡಿಯುವ ಮೊದಲೇ ಮೇಲಿನಿಂದ ಭಾರೀ ವ್ಯಾಸದ ಬಾವಿಗಳನ್ನು ಸಾಲಾಗಿ ಕೊರೆದು, ಒಳಗೆ ಉಕ್ಕಿನ ತೊಲೆ ಇಳಿಸಿ, ಕಾಂಕ್ರೀಟು ತುಂಬಿದರು. ಈ ಸಿಲಿಂಡರ್ ಕಂಬಗಳ ಸಾಲೇ ತಡೆಗೋಡೆ. ಅದು ಗಟ್ಟಿಯಾದ ಮೇಲೆ ಮುಂದಿನ ಮಣ್ಣು ತೆಗೆದರು. ಮಣ್ಣು ಅಲ್ಲಾಡುವುದಕ್ಕೆ ಅವಕಾಶವನ್ನೇ ಕೊಡಬಾರದು ಎಂಬುದು ಇದರ ತಿರುಳು. ಕಾರ್ಲ್ ಟೆರ್ಜಾಗಿಯವರ ಜೊತೆ ಮಣ್ಣಿನ ಯಂತ್ರಶಾಸ್ತ್ರದ ಪ್ರಸಿದ್ಧ ಗ್ರಂಥ ಬರೆದ ರಾಲ್ಫ್ ಪೆಕ್ ಸಹಲೇಖಕರೊಬ್ಬರೊಂದಿಗೆ 1972ರಲ್ಲಿ ‘ಜಿಯೋಟೆಕ್ನಿಕ್’ ಪತ್ರಿಕೆಯಲ್ಲಿ ಸಿಯಾಟಲ್‌ನ ಈ ಕುಸಿತಗಳ ಬಗ್ಗೆ ಪ್ರಬಂಧ ಪ್ರಕಟಿಸಿದರು. ಗಟ್ಟಿ ಜೇಡಿಮಣ್ಣಿನ ಇಳಿಜಾರುಗಳನ್ನು ಓದುವವರು ಇಂದಿಗೂ ಅದನ್ನು ಉಲ್ಲೇಖಿಸುತ್ತಾರೆ.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಮಣ್ಣು ಮುನಿಸಿಕೊಂಡಾಗ ಹಣ ಸಿಕ್ಕಿತು, ವಿನ್ಯಾಸ ಬದಲಾಯಿತು, ದೇಶದ ದೊಡ್ಡ ತಜ್ಞರು ಬಂದು ಕೂತರು. ಮನುಷ್ಯರು ಮುಚ್ಚಳ ಕೇಳಿದಾಗ ಏನೂ ಬದಲಾಗಲಿಲ್ಲ. ಗುಡ್ಡಕ್ಕೆ ಸಿಕ್ಕ ಕಿವಿ ಗುಡ್ಡದ ಮೇಲಿನವರಿಗೆ ಸಿಗಲಿಲ್ಲ.

1962ರ ಡಿಸೆಂಬರಿನಲ್ಲಿ ಹಡಗು ಕಾಲುವೆಯ ಮೇಲಿನ ಐ-5ರ ಎರಡು ಅಂತಸ್ತಿನ ಸೇತುವೆ ತೆರೆಯಿತು. ಅದು ವಿಶ್ವಮೇಳಕ್ಕೆ ಒದಗಲಿಲ್ಲ; ಮೇಳ ಅಕ್ಟೋಬರಿನಲ್ಲೇ ಮುಗಿದಿತ್ತು. 1967ರ ಹೊತ್ತಿಗೆ ನಗರದುದ್ದಕ್ಕೂ ವಾಹನ ಹರಿಯತೊಡಗಿತು. ಪೇಟೆಯಿಂದ ಏರಿ ಬರುತ್ತಿದ್ದ ಬೀದಿಗಳಲ್ಲಿ ಕೆಲವು ಮೇಲ್ಸೇತುವೆ ಪಡೆದು ಉಳಿದುಕೊಂಡವು, ಇನ್ನು ಕೆಲವು ಅಂಚಿಗೆ ಬಂದು ನಿಂತುಬಿಟ್ಟವು. ಉಳಿದ ಮೇಲ್ಸೇತುವೆಗಳ ಮೇಲೆ ನಡೆಯುವುದು ಸುಖದ ಮಾತಲ್ಲ. ಕೆಳಗಿನ ಸದ್ದಿಗೆ ಪಕ್ಕದವರ ಮಾತು ಕೇಳದು. ಪೈಕ್ ಬೀದಿ ಫ್ರೀವೇ ದಾಟುವ ಮೂಲೆಯಲ್ಲಿ ನಾಲ್ಕು ಕಲ್ಲಿನ ಕಂಬಗಳು ಯಾವ ಚಾವಣಿಯನ್ನೂ ಹೊರದೆ ನಿಂತಿವೆ. 1965ರ ಭೂಕಂಪದಲ್ಲಿ ಜಖಂಗೊಂಡು ಆಮೇಲೆ ಕೆಡವಿದ ಪ್ಲಿಮತ್ ಚರ್ಚಿನ ಕಂಬಗಳವು. ಅವುಗಳ ಬೆನ್ನಿಗೇ ಐ-5ರ ಕಂದಕ.

ಸಿಯಾಟಲ್ ಒಂಟಿಯಲ್ಲ. 1957ರಿಂದ 1977ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಹೆದ್ದಾರಿಗಳಿಗಾಗಿ 4,75,000 ಕುಟುಂಬಗಳು, ಅಂದರೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು ಎನ್ನುತ್ತದೆ ಅಮೆರಿಕದ ಸಾರಿಗೆ ಇಲಾಖೆ. ಲಾಸ್ ಏಂಜಲೀಸಿನಲ್ಲಿ ಆಸ್ಕರ್ ಪ್ರಶಸ್ತಿ ಪಡೆದ ನಟಿ ಹ್ಯಾಟಿ ಮೆಕ್‌ಡೇನಿಯಲ್ ಮುಂತಾದ ಕಪ್ಪು ಕುಟುಂಬಗಳು ನ್ಯಾಯಾಲಯದಲ್ಲಿ ಹೋರಾಡಿ ಉಳಿಸಿಕೊಂಡಿದ್ದ ಶುಗರ್ ಹಿಲ್ ಬಡಾವಣೆಯ ಮೇಲೆ ಸಾಂಟಾ ಮೋನಿಕಾ ಫ್ರೀವೇ ಹಾದುಹೋಯಿತು. ಮನೆ ಕಳೆದುಕೊಂಡವರ ಮರುವಸತಿಗೆ ಏಕರೂಪದ ಕೇಂದ್ರ ಕಾನೂನು ಬಂದದ್ದು 1970ರಲ್ಲಿ. ಅಷ್ಟರಲ್ಲಿ ಸಿಯಾಟಲ್‌ನ ಫ್ರೀವೇ ಮೇಲೆ ಕಾರುಗಳು ಓಡಾಡಿ ಮೂರು ವರ್ಷ ಕಳೆದಿತ್ತು. ತಡೆದವರೂ ಇದ್ದರು. ಸ್ಯಾನ್ ಫ್ರಾನ್ಸಿಸ್ಕೋ 1959ರಲ್ಲೇ ತನ್ನ ಹತ್ತು ಫ್ರೀವೇ ಯೋಜನೆಗಳಲ್ಲಿ ಏಳನ್ನು ತಿರಸ್ಕರಿಸಿತು. ಎರಿಕ್ ಅವಿಲಾ ಎಂಬ ಇತಿಹಾಸಕಾರರು 2014ರ ತಮ್ಮ ಪುಸ್ತಕದಲ್ಲಿ ಎತ್ತುವ ಆಕ್ಷೇಪ ಯೋಚಿಸುವಂಥದ್ದು: ಇಂಥ ಗೆಲುವುಗಳ ಕಥೆಯಲ್ಲಿ ಹೆಚ್ಚಾಗಿ ಬಿಳಿಯರ, ಅನುಕೂಲಸ್ಥರ ಬಡಾವಣೆಗಳೇ ಇವೆ, ಸೋತವರ ಪ್ರತಿಭಟನೆಯನ್ನು ಹುಡುಕಬೇಕಾದದ್ದು ಗೋಡೆಚಿತ್ರ, ಕಥೆ, ಕವಿತೆಗಳಲ್ಲಿ.

ಸಿಯಾಟಲ್‌ನ ಎರಡನೆಯ ಸುತ್ತು ಈ ಆಕ್ಷೇಪಕ್ಕೆ ತುಸು ಅಪವಾದ. ಗುಡ್ಡ ಕರಗಿಸಿದ ಥಾಮ್ಸನ್ ಹೆಸರನ್ನೇ ಹೊತ್ತ ಇನ್ನೊಂದು ಎಕ್ಸ್‌ಪ್ರೆಸ್ ರಸ್ತೆ ಕಪ್ಪು ಜನರ ಸೆಂಟ್ರಲ್ ಡಿಸ್ಟ್ರಿಕ್ಟ್ ಮತ್ತು ಸಸ್ಯೋದ್ಯಾನದ ಮೂಲಕ ಹೋಗಬೇಕಿತ್ತು. ಬ್ಲ್ಯಾಕ್ ಪ್ಯಾಂಥರ್ ಪಕ್ಷದವರೂ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಗಿಡಮರಗಳ ಪ್ರೇಮಿಗಳೂ ಒಂದೇ ಸಾಲಿನಲ್ಲಿ ನಿಂತರು. 1972ರಲ್ಲಿ ಮತದಾರರು ಅದನ್ನು ಕೈಬಿಟ್ಟರು. ಅದಕ್ಕಾಗಿ ಮೊದಲೇ ಕಟ್ಟಿದ್ದ ರ್‍ಯಾಂಪುಗಳು ಎಲ್ಲಿಗೂ ಹೋಗದೆ ದಶಕಗಳ ಕಾಲ ಕೆರೆಯಂಚಿನ ಗಾಳಿಯಲ್ಲಿ ನಿಂತಿದ್ದವು. ಬೇಸಿಗೆಯಲ್ಲಿ ಹುಡುಗರು ಅಲ್ಲಿಂದ ನೀರಿಗೆ ಧುಮುಕುತ್ತಿದ್ದರು. ಯೆಸ್ಲರ್ ಟೆರೇಸ್‌ನ ಸ್ಟೈನ್‌ಬ್ರೂಕ್ 1971ರಲ್ಲಿ ಪೈಕ್ ಪ್ಲೇಸ್ ಮಾರುಕಟ್ಟೆಯನ್ನು ಜನಮತದ ಮೂಲಕ ಉಳಿಸಿದ ಚಳವಳಿಯ ಮುಂದಾಳಾಗಿದ್ದರು. ಹತ್ತು ವರ್ಷಗಳಲ್ಲಿ ನಗರದ ಗಾಳಿಯೇ ಬದಲಾಗಿತ್ತು.

ಬದಲಾವಣೆ ಎಷ್ಟೆಂದು ನೋಡಲು ಮೌಂಟ್ ಬೇಕರ್ ಗುಡ್ಡಕ್ಕೆ ಹೋಗಬೇಕು. ಅಲ್ಲಿ ಐ-90 ಎಂಬ ಇನ್ನೊಂದು ಅಂತರರಾಜ್ಯ ಹೆದ್ದಾರಿ ಬರಬೇಕಿತ್ತು. 1971ರಲ್ಲಿ ಫೆಡರಲ್ ನ್ಯಾಯಾಲಯ, ಪರಿಸರ ಪರಿಣಾಮದ ವರದಿ ಇಲ್ಲದೆ ಮುಂದುವರಿಯಬೇಡಿ ಎಂದು ತಡೆಯಿತು. 1976ರ ಒಪ್ಪಂದದಲ್ಲಿ ಲೇನುಗಳು ಕಡಿಮೆಯಾದವು, ಬಸ್ಸಿಗೆ ಜಾಗ ಬಂತು, ಮುಚ್ಚಳಗಳು ಬಂದವು. ಅದೇ ಹಿಮಯುಗದ ಮಣ್ಣನ್ನು ಈ ಸಲ ಮೇಲಿಂದ ಸೀಳಲಿಲ್ಲ. 24 ಸಣ್ಣ ಸುರಂಗಗಳನ್ನು ವೃತ್ತಾಕಾರದಲ್ಲಿ ಒಂದರ ಮಗ್ಗುಲಿಗೊಂದು ಕೊರೆದು, ಪ್ರತಿಯೊಂದಕ್ಕೂ ಕಾಂಕ್ರೀಟು ತುಂಬಿ, ಆ ಬಳೆ ಗಟ್ಟಿಯಾದ ಮೇಲೆ ಒಳಗಿನ ಮಣ್ಣು ತೆಗೆದರು. 63 ಅಡಿ ವ್ಯಾಸದ ಆ ಸುರಂಗ ಮೆದುಮಣ್ಣಿನಲ್ಲಿ ಆವರೆಗೆ ಕೊರೆದವುಗಳಲ್ಲೇ ಅತಿ ಅಗಲದ್ದು. ಮೇಲಿನ ಮನೆಗಳು ಇದ್ದ ಹಾಗೇ ಇದ್ದವು. ಪಕ್ಕದ ಮುಚ್ಚಳದ ಮೇಲೆ ಈಗ ಉದ್ಯಾನ. 1961ರಲ್ಲಿ ಆಗದ ಕೆಲಸ 1980ರ ದಶಕದಲ್ಲಿ ಆಯಿತೆಂದರೆ ಅದಕ್ಕೆ ತಂತ್ರಜ್ಞಾನ ಒಂದೇ ಕಾರಣವಲ್ಲ; ಕಾನೂನಿನ ಭಯವೂ ಇತ್ತು.

ಫಸ್ಟ್ ಹಿಲ್‌ಗೆ ಸಿಕ್ಕಿದ್ದು ತೇಪೆಗಳು. ಮೊದಲನೆಯದೇ ಅತ್ಯುತ್ತಮ. 1976ರ ಜುಲೈ 4ರಂದು ತೆರೆದ ಫ್ರೀವೇ ಪಾರ್ಕನ್ನು ಲಾರೆನ್ಸ್ ಹಾಲ್‌ಪ್ರಿನ್ ಸಂಸ್ಥೆಗಾಗಿ ವಿನ್ಯಾಸ ಮಾಡಿದವರು ಬಲ್ಗೇರಿಯಾ ಮೂಲದ ಏಂಜೆಲಾ ದನಾಜಿಯೇವಾ. ಮೊದಲು ಸಿನಿಮಾ ಸೆಟ್ಟುಗಳ ಕೆಲಸ ಮಾಡಿದ್ದವರು. ಕಾಂಕ್ರೀಟಿನ ಚೌಕಗಳನ್ನು ಬಂಡೆಗಳಂತೆ ಪೇರಿಸಿ, ನಡುವೆ ಕಮರಿ ಬಿಟ್ಟು, ಅದರೊಳಗೆ ಜಲಪಾತ ಧುಮುಕಿಸಿದರು. ನೀರಿನ ಮೊರೆತದಲ್ಲಿ ಕೆಳಗಿನ ವಾಹನಗಳ ಸದ್ದು ಮುಳುಗಲಿ ಎಂಬ ಉಪಾಯ. ಮೂಲೆ ಮೂಲೆಯ ಮರೆಗಳಿಂದಾಗಿ ಸಂಜೆಯ ಮೇಲೆ ಅಲ್ಲಿ ಹೋಗಲು ಜನ ಅಂಜಿದ್ದೂ ಉಂಟು. ಆದರೂ ಫ್ರೀವೇಯ ಮೇಲೆ ಉದ್ಯಾನ ಕಟ್ಟಬಹುದೆಂದು ಜಗತ್ತಿಗೆ ತೋರಿಸಿದ ಮಾದರಿ ಅದು. 1988ರಲ್ಲಿ ಅದರ ಪಕ್ಕದಲ್ಲಿ ಸಮಾವೇಶ ಕೇಂದ್ರ ಫ್ರೀವೇ ಮೇಲೆ ಚಾಚಿಕೊಂಡಿತು. ಅದು ಸೀಳನ್ನು ಮುಚ್ಚಿತೇ ಹೊರತು ಬೀದಿಯನ್ನು ಮರಳಿಸಲಿಲ್ಲ.

ಸರ್ಕಾರಕ್ಕಿಂತ ಮೊದಲು ನೆರೆಹೊರೆಯವರೇ ಕೈಹಾಕಿದ ತೇಪೆಗಳೂ ಇವೆ. ಚೈನಾಟೌನ್‌ನ ಮೇಲ್ಬದಿಯಲ್ಲಿ, ಫ್ರೀವೇಗೆ ಅಂಟಿಕೊಂಡ ಕಡಿದಾದ ಇಳಿಜಾರಿನಲ್ಲಿ 1975ರಲ್ಲಿ ಡ್ಯಾನಿ ವೂ ತೋಟ ಶುರುವಾಯಿತು. ಹಳೆಯ ಮರದ ದಿಮ್ಮಿಗಳನ್ನು ಅಡ್ಡ ಇಟ್ಟು ಮೆಟ್ಟಿಲು ಮೆಟ್ಟಿಲಾಗಿ ಪಾತಿ ಮಾಡಿ ಚೀನೀ, ಫಿಲಿಪಿನೊ, ಜಪಾನಿ ಮೂಲದ ಮುದುಕರು ಅಲ್ಲಿ ಸೊಪ್ಪು ಬೆಳೆಯುತ್ತ ಬಂದಿದ್ದಾರೆ. ಉತ್ತರದಲ್ಲಿ ಕ್ಯಾಪಿಟಲ್ ಹಿಲ್‌ನಿಂದ ಇಳಿಯುವ 388 ಮೆಟ್ಟಿಲುಗಳ ಹೋವ್ ಸ್ಟ್ರೀಟ್ ಸೋಪಾನ ಫ್ರೀವೇಯ ಕಂಬಗಳ ಬುಡಕ್ಕೆ ಬಂದು ಸೇರುತ್ತದೆ. ಮಳೆ ಬೀಳದ, ಹುಲ್ಲೂ ಹುಟ್ಟದ ಆ ನೆರಳಿನ ಇಳಿಜಾರಿನಲ್ಲಿ 2005ರಲ್ಲಿ ಉದ್ಯಾನವೊಂದು ತೆರೆಯಿತು. ಆಮೇಲೆ ಸ್ವಯಂಸೇವಕರು ಬೆಟ್ಟದ ಸೈಕಲ್ಲಿಗೆ ಜಾಡು ಕಟ್ಟಿದರು. ನಾಲ್ಕು ದಶಕ ಬೇರೆಯಾಗಿದ್ದ ಗುಡ್ಡದ ಮೇಲಿನವರೂ ಕೆಳಗಿನವರೂ ಮತ್ತೆ ನಡೆದು ಭೇಟಿಯಾಗುವಂತಾಯಿತು.

2015ರಿಂದ ‘ಲಿಡ್ ಐ-5’ ಎಂಬ ನಾಗರಿಕರ ತಂಡ ಥೈರಿಯವರ ಹಳೆಯ ಮಾತನ್ನೇ ಹಿಡಿದು ಹೊರಟಿದೆ. ಪೇಟೆಯ ಭಾಗದಲ್ಲಿ ಮುಚ್ಚಳ ಹಾಕುವುದು ಸಾಧ್ಯವೆಂದು ನಗರ ಮಾಡಿಸಿದ 2020ರ ಅಧ್ಯಯನ ಹೇಳಿತು. ಹೆದ್ದಾರಿ ಒಡೆದ ಬಡಾವಣೆಗಳನ್ನು ಬೆಸೆಯಲೆಂದೇ 2021ರ ಕೇಂದ್ರ ಕಾನೂನು 100 ಕೋಟಿ ಡಾಲರ್ ತೆಗೆದಿಟ್ಟಿತು. ಇಡೀ ದೇಶಕ್ಕೆ ಹಂಚಿದರೆ ಅದು ಯಾವ ಮೂಲೆಗೂ ಸಾಲದು. ಫ್ರೀವೇಯ ಆಚೆ, ಇಳಿಜಾರಿನ ಕೆಳಗೆ ಈಗ ಅಮೆಜಾನ್ ಕಚೇರಿಗಳಿವೆ. ಕ್ಯಾಪಿಟಲ್ ಹಿಲ್‌ನಲ್ಲಿ ಬಾಡಿಗೆಗಿದ್ದು ಡೆನ್ನಿ ವೇ ಸೇತುವೆಯ ಮೇಲೆ ನಡೆದು ಕೆಲಸಕ್ಕೆ ಹೋಗುವವರಲ್ಲಿ ಕನ್ನಡಿಗರೂ ಇದ್ದಾರೆ. ಆ ಸದ್ದು, ಆ ಹೊಗೆ ಅವರಿಗೂ ಗೊತ್ತು.

ರಾಜ್ಯ ಸಾರಿಗೆ ಇಲಾಖೆ 2025ರ ಬೇಸಿಗೆಯಲ್ಲಿ ಹಡಗು ಕಾಲುವೆ ಸೇತುವೆಯ ದೊಡ್ಡ ದುರಸ್ತಿ ಆರಂಭಿಸಿತು. ಗುಡ್ಡದ ಬದಿಯ ಗೋಡೆಗಳಿಗೂ ಅಷ್ಟೇ ವಯಸ್ಸು. ಮುಚ್ಚಳ ಹಾಕುವುದಾದರೆ ಅದರ ಭಾರ, ಭೂಕಂಪದ ಇಂದಿನ ನಿಯಮ, ಅರವತ್ತರ ದಶಕದ ಆ ಸಿಲಿಂಡರ್ ಕಂಬಗಳ ಬಲ, ಮೂರನ್ನೂ ಒಟ್ಟಿಗೆ ಲೆಕ್ಕ ಹಾಕಲೇಬೇಕು. ಅಂದು ಕಂದಕ ತೋಡುವಾಗಲೇ ಮುಚ್ಚಳವನ್ನೂ ಕಟ್ಟಿದ್ದರೆ ಈ ಲೆಕ್ಕ ಒಂದೇ ಸಲಕ್ಕೆ ಮುಗಿಯುತ್ತಿತ್ತು.