ಗುರುಪರಂಪರೆಯ ಹೊಸ ಕೊಂಡಿ

ಶಾಲೆಯೊಂದರ ಚರಿತ್ರೆಯನ್ನು ಕಟ್ಟಡಗಳ ಹಾಗೂ ದಾನಿಗಳ ಹೆಸರಿನೊಡನೆ ಬರೆಯುವುದು ವಾಡಿಕೆ. ಆದರೆ ಗಡಿನಾಡಿನ ಕನ್ನಡ ಶಾಲೆಯ ಚರಿತ್ರೆ ಮೊದಲಿಗೆ ಅದರ ಅಧ್ಯಾಪಕರ ಚರಿತ್ರೆ. ಒಬ್ಬರು ನಿವೃತ್ತರಾದಾಗ ಆ ಸ್ಥಾನಕ್ಕೆ ಕನ್ನಡ ಬಲ್ಲ ಇನ್ನೊಬ್ಬರು ಬಂದರೇ ಎಂಬುದರ ಮೇಲೆಯೇ ಇಂತಹ ಶಾಲೆಯ ಅಳಿವು ಉಳಿವು ನಿಂತಿದೆ.

ನಮ್ಮ ಶಾಲೆ ಆರಂಭವಾದಾಗ ಕಾಸರಗೋಡು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಮಂಗಳೂರಿಗೂ ನಮಗೂ ನಡುವೆ ರಾಜ್ಯದ ಗಡಿಯಿರಲಿಲ್ಲ. 1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರ ಭಾಗವು ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿದರೂ ಅದು ಕಾರ್ಯಗತವಾಗಲಿಲ್ಲ. 1984ರಲ್ಲಿ ಕಾಸರಗೋಡು ಕೇರಳದ ಪ್ರತ್ಯೇಕ ಜಿಲ್ಲೆಯಾಯಿತು.

ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲಿಯೇ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆಂಬುದು ಅದರ ಆಶಯ. ವಿಧಿ ಕಾಗದದ ಮೇಲಿತ್ತು. ಅದನ್ನು ತರಗತಿಯೊಳಗೆ ತಂದವರು ಅಧ್ಯಾಪಕರು. ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ಪಾಠ ಹೇಳಿದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಕಾಸರಗೋಡಿನ ಕನ್ನಡ ಹೋರಾಟದ ಮುಂಚೂಣಿಯಲ್ಲಿದ್ದವರು. ಅವರಂತೆ ಹೆಸರಾಗದೆ, ಊರೂರಿನ ಶಾಲೆಗಳಲ್ಲಿ ಅಕ್ಷರ ತಿದ್ದಿಸಿದವರು ಎಷ್ಟೋ ಮಂದಿ.

ಆ ಪರಂಪರೆ ನಮ್ಮ ಕಾಲಕ್ಕೇ ಮುಗಿಯಿತೇನೋ ಎಂಬ ಸಂದೇಹ, ಸೇವೆಯ ಕೊನೆಯ ವರ್ಷಗಳಲ್ಲಿರುವ ನನ್ನನ್ನು ಕಾಡುತ್ತಿತ್ತು. ಅದನ್ನು ಕಳೆದದ್ದು ಯಾವ ಸಮಾರಂಭವೂ ಅಲ್ಲ, ಕಳೆದ ಮಳೆಗಾಲದ ಒಂದು ಸಾಮಾನ್ಯ ದಿನ.

ಶಿಕ್ಷಕ ತರಬೇತಿ ಸಂಸ್ಥೆಯಿಂದ ಇಬ್ಬರು ವಿದ್ಯಾರ್ಥಿನಿಯರು ಬೋಧನಾಭ್ಯಾಸಕ್ಕೆ ಬಂದಿದ್ದರು. ಮೂರನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ನೋಡುವುದು ನನ್ನ ಕೆಲಸ. ಪಾಠ ಯೋಜನೆ ಹಿಡಿದಿದ್ದ ಹುಡುಗಿಯ ಕೈ ಸಣ್ಣಗೆ ನಡುಗುತ್ತಿತ್ತು. ಹೊರಗೆ ಜಡಿಮಳೆ, ಹೆಂಚಿನ ಮೇಲಿನ ಸದ್ದಿಗೆ ಅವಳ ದನಿಯೇ ಕೇಳಿಸುತ್ತಿರಲಿಲ್ಲ. ಅವಳು ಪುಸ್ತಕವನ್ನು ಮೇಜಿನ ಮೇಲಿಟ್ಟು, "ಇದಕ್ಕೆ ನಿಮ್ಮ ಮನೆಯಲ್ಲಿ ಏನು ಹೇಳುತ್ತೀರಿ?" ಎಂದು ಕಿಟಕಿಯ ಕಡೆಗೆ ಕೈ ತೋರಿದಳು. "ಬರ್ಸ" ಎಂದಿತು ತುಳು ಮಾತಾಡುವ ಮಗು. "ಮಳ" ಎಂದಿತು ಮಲಯಾಳದ ಮನೆಯದು. "ಪಾವ್ಸು" ಎಂದಿತು ಕೊಂಕಣಿಯದು. ಎಲ್ಲವನ್ನೂ ಹಲಗೆಯ ಮೇಲೆ ಬರೆದು, ನಡುವೆ "ಮಳೆ" ಎಂದು ಬರೆದಳು. ಮಳ, ಮಳೆ ಅಕ್ಕತಂಗಿಯರೆಂದೂ, ಬರ್ಸದಲ್ಲಿ ಸಂಸ್ಕೃತದ ವರ್ಷ ಅಡಗಿದೆಯೆಂದೂ ಹೇಳಿದಳು. ಯಾವ ಮಗುವಿನ ಮನೆಮಾತೂ ತಪ್ಪಾಗಲಿಲ್ಲ. ಕನ್ನಡ ಎಲ್ಲರದೂ ಆಯಿತು.

ಪಾಠ ಮುಗಿದ ಮೇಲೆ ಈ ವೃತ್ತಿಯನ್ನೇ ಏಕೆ ಆರಿಸಿದೆಯೆಂದು ಕೇಳಿದೆ. "ನನ್ನ ಮನೆಮಾತು ತುಳು, ಟೀಚರೇ. ಕನ್ನಡ ನನಗೆ ಶಾಲೆಯಲ್ಲಿಯೇ ಸಿಕ್ಕಿದ್ದು. ಕೊಟ್ಟವರು ಹೋದರೆ ಕೊಡುವವರು ಬೇಕಲ್ಲ?" ಎಂದಳು. ಕೆಲಸ ಸಿಗುವುದೆಂಬ ಭರವಸೆ ಅವಳಿಗಿರಲಿಲ್ಲ. ಇಬ್ಬರೂ ಅರ್ಹತಾ ಪರೀಕ್ಷೆಯನ್ನು ಇನ್ನೂ ಬರೆಯಬೇಕಿತ್ತು.

ಅಂದು ಸಂಜೆ, ವರ್ಷಗಳಿಂದ ಅದೇ ಟಿಪ್ಪಣಿಯಿಂದ ಹೇಳುತ್ತಿದ್ದ ಮರುದಿನದ ಪಾಠವನ್ನು ಹೊಸದಾಗಿ ಬರೆದೆ. ಕಲಿಸಲು ಬಂದವಳಿಂದ ನಾನೇ ಕಲಿತಿದ್ದೆ.

ಶತಮಾನೋತ್ಸವದ ಈ ಹೊತ್ತಿನಲ್ಲಿ ಹೆತ್ತವರಲ್ಲಿಯೂ ಹಳೆವಿದ್ಯಾರ್ಥಿಗಳಲ್ಲಿಯೂ ನನ್ನದೊಂದು ವಿನಂತಿ. ಶಾಲೆಗೆ ಕಟ್ಟಡ, ಕಂಪ್ಯೂಟರ್ ಕೊಡುತ್ತಿದ್ದೀರಿ. ಅದಕ್ಕೆ ನಾವು ಋಣಿಗಳು. ಅದರೊಡನೆ, ನಿಮ್ಮ ಮನೆಯ ಹುಡುಗನೋ ಹುಡುಗಿಯೋ "ನಾನು ಕನ್ನಡ ಅಧ್ಯಾಪಕನಾಗುತ್ತೇನೆ, ಅಧ್ಯಾಪಿಕೆಯಾಗುತ್ತೇನೆ" ಎಂದರೆ, ದಯಮಾಡಿ ನಿರುತ್ಸಾಹಗೊಳಿಸಬೇಡಿರಿ. ಶಾಲೆಯ ಎರಡನೆಯ ಶತಮಾನಕ್ಕೆ ಅದಕ್ಕಿಂತ ದೊಡ್ಡ ಕೊಡುಗೆಯಿಲ್ಲ.